ಮೇಣದ ಬಿಲ್ಲೆಯಲ್ಲಿ ಉಳಿದ ಸಾಕ್ಷಿ

ನಮ್ಮ ಪರಿಚಯದವರಾದ ಹೋಟೆಲು ಅಡಿಗೆಯವರೊಬ್ಬರ ಸಂಗತಿಯನ್ನು ಮೊದಲು ಹೇಳಿ, ಆ ಮೇಲೆ ನಮ್ಮ ಅಭಿಪ್ರಾಯಕ್ಕೆ ಬರುವುದು ಯುಕ್ತವೆಂದು ತೋರುತ್ತದೆ. ಕುಂದಾಪುರದ ಕಡೆಯಿಂದ ಹುಡುಗನಾಗಿ ಮುಂಬಯಿಗೆ ಬಂದು, ಕಪ್ಪು-ಬಸಿ ತೊಳೆಯುವಲ್ಲಿಂದ ಮೊದಲುಗೊಂಡು ಒಲೆಯ ಮುಂದಿನ ಸ್ಥಾನದವರೆಗೆ ಏರಿದ ಈ ಮಹಾಶಯರಿಗೆ ಐವತ್ತರ ಹತ್ತಿರದ ವಯಸ್ಸಿನಲ್ಲಿ ಹೊಟ್ಟೆಯ ತೊಂದರೆ ಆರಂಭವಾಯಿತು. ನಮ್ಮ ಹೋಟೆಲು ಜನರಿಗೆ ಹೊಟ್ಟೆಯ ತೊಂದರೆಯೆಂಬುದು ರೋಗವೇ ಅಲ್ಲ. ಗಿರಾಕಿಗಳ ಊಟ ಮುಗಿದು ತಮ್ಮ ಎಲೆ ಹಾಕುವ ವೇಳೆಗೆ ಮಧ್ಯಾಹ್ನದ ಮೂರೂವರೆ ಗಂಟೆ. ನಡುವೆ ಎಷ್ಟು ಸಲ ಚಹಾ ಆಯಿತೆಂಬ ಲೆಕ್ಕವಿಲ್ಲ. ಎದೆಯುರಿ ಬಂದರೆ ಅದಕ್ಕೆ ‘ಗ್ಯಾಸ್ಟ್ರಿಕ್’ ಎಂದು ಹೆಸರಿಟ್ಟು, ಒಂದು ಸೋಡಾದಲ್ಲಿಯೋ ಮದ್ದಿನಂಗಡಿಯ ಒಂದು ಗುಳಿಗೆಯಲ್ಲಿಯೋ ಮುಗಿಸಿಬಿಡುವುದು ವಾಡಿಕೆ. ಇವರೂ ಹಾಗೆಯೇ ಮಾಡಿದರು. ಮಲವು ಡಾಂಬರಿನಂತೆ ಕಪ್ಪಾಗಿ, ಮೆಟ್ಟಲು ಹತ್ತುವಾಗ ತಲೆ ತಿರುಗತೊಡಗಿದ ಮೇಲೆ ಉಪನಗರದ ಒಂದು ನರ್ಸಿಂಗ್ ಹೋಮಿಗೆ ಹೋದರು. ಜಠರದಲ್ಲಿ ಗಡ್ಡೆಯಿತ್ತು. ಶಸ್ತ್ರಕ್ರಿಯೆಯಾಯಿತು. ಸಂಬಂಧಿಕರಿಗೆ ದೊರೆತ ಮಾತು: “ಗಡ್ಡೆ ಪೂರ್ಣವಾಗಿ ಹೊರಬಂದಿದೆ, ಊರಿಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಲಿ.”

ಕೆಲವು ದಿನಗಳ ಮೇಲೆ ಪ್ರಯೋಗಶಾಲೆಯಿಂದ ಎರಡು ಪುಟದ ರಿಪೋರ್ಟು ಬಂತು. ಗಡ್ಡೆಯಲ್ಲಿ ಕದಿರಿನಂತೆ ಉದ್ದನೆಯ ಜೀವಕೋಶಗಳು ಕಂಡಿವೆ ಎಂದೂ, ಅದು ಯಾವ ಜಾತಿಯದೆಂದು ನಿರ್ಣಯಿಸಲು ಐ.ಎಚ್.ಸಿ. ಎಂಬ ಮುಂದಿನ ಪರೀಕ್ಷೆ ಆಗಬೇಕೆಂದೂ ಅದರ ಕೊನೆಯ ಸಾಲಿನಲ್ಲಿತ್ತು. ಆ ಸಾಲನ್ನು ಓದಿದವರಿಲ್ಲ. ಓದಿದವರು ಇದ್ದರೂ ಹೇಳಿದವರಿಲ್ಲ. ರಿಪೋರ್ಟು ಪ್ಲಾಸ್ಟಿಕ್ ಚೀಲದೊಳಗೆ, ಚೀಲ ಟ್ರಂಕಿನೊಳಗೆ, ಟ್ರಂಕು ಊರಿಗೆ. ಎಂಟು ತಿಂಗಳಾದ ನಂತರ ಯಕೃತ್ತಿನಲ್ಲಿ ಗಂಟುಗಳು ಕಾಣಿಸಿಕೊಂಡಾಗ ಕರಾವಳಿಯ ಆಸ್ಪತ್ರೆಯ ವೈದ್ಯರು ಕೇಳಿದ ಮೊದಲನೆಯ ಪ್ರಶ್ನೆ, “ಹಿಂದಿನ ಗಡ್ಡೆಯ ಬ್ಲಾಕ್ ಎಲ್ಲಿದೆ?” ಎಂಬುದು. ಮನೆಯವರು ಮುಖ ಮುಖ ನೋಡಿಕೊಂಡರು. ಬ್ಲಾಕ್ ಎಂದರೇನೆಂಬುದೇ ಅವರಿಗೆ ತಿಳಿದಿರಲಿಲ್ಲ. ಮುಂಬಯಿಯಲ್ಲಿ ಗುಮಾಸ್ತೆಯಾಗಿರುವ ಅವರ ಭಾವನವರು ರಜೆ ಹಾಕಿ ನರ್ಸಿಂಗ್ ಹೋಮಿಗೂ ಪ್ರಯೋಗಶಾಲೆಗೂ ಮೂರು ಸಲ ಅಲೆದು, ಕೊನೆಗೆ ಅದನ್ನು ಪಡೆದು, ಖಾಲಿಯಾದ ಅಗರಬತ್ತಿ ಡಬ್ಬಿಯಲ್ಲಿಟ್ಟುಕೊಂಡು ರಾತ್ರಿ ಬಸ್ಸಿನಲ್ಲಿ ಊರಿಗೆ ತಲಪಿಸಿದರು. ಪರೀಕ್ಷೆಯಾಯಿತು, ಗಡ್ಡೆಯ ಜಾತಿ ತಿಳಿಯಿತು, ಅದಕ್ಕೆ ತಕ್ಕ ಗುಳಿಗೆ ಆರಂಭವಾಯಿತು. ರೋಗಿ ಈಗಲೂ ನಮ್ಮ ನಡುವೆ ಇದ್ದಾರೆ. ಆದರೆ ಕಳೆದುಹೋದ ಎಂಟು ತಿಂಗಳನ್ನು ಅವರಿಗೆ ಮರಳಿ ಕೊಡುವವರು ಯಾರು?

ಈ ಒಂದು ಪ್ರಸಂಗದಿಂದಲೇ ನಾವು ಈ ವಿಷಯವನ್ನು ಕೈಗೆತ್ತಿಕೊಂಡಿದ್ದೇವೆ. ಅನ್ನನಾಳ, ಜಠರ, ಕರುಳು ಇವುಗಳಲ್ಲಿ ಹುಟ್ಟುವ ಗಡ್ಡೆಗಳ ವಿಷಯದಲ್ಲಿ ‘ಕ್ಯಾನ್ಸರು ಹೌದೇ ಅಲ್ಲವೇ’ ಎಂಬ ಒಂದೇ ಪ್ರಶ್ನೆಗೆ ಉತ್ತರ ಸಿಕ್ಕರೆ ಸಾಕೆಂದು ನಮ್ಮ ಜನರು ತಿಳಿದುಕೊಂಡಿದ್ದಾರೆ. ಅದು ಸಾಲದು. ಯಾವ ಕ್ಯಾನ್ಸರು, ಯಾವ ಜಾತಿಯದು, ಅದರ ಕೋಶಗಳ ಮೈಮೇಲೆ ಯಾವ ಪ್ರೋಟೀನಿದೆ, ಯಾವುದು ಇಲ್ಲ ಎಂಬುದರ ಮೇಲೆ ಇಂದಿನ ಚಿಕಿತ್ಸೆ ನಿಂತಿದೆ. ಆ ಉತ್ತರವಿರುವುದು ರಕ್ತದ ಶೀಶೆಯಲ್ಲಿ ಅಲ್ಲ, ಯಂತ್ರ ತೆಗೆದ ಚಿತ್ರದಲ್ಲಿಯೂ ಅಲ್ಲ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದು ಮೇಣದ ಬಿಲ್ಲೆಯಲ್ಲಿ.

ಆ ಬಿಲ್ಲೆ ಹೇಗಾಗುತ್ತದೆಂಬುದನ್ನು ಅಡಿಗೆಮನೆಯ ಜನರಿಗೆ ವಿವರಿಸುವುದು ಕಷ್ಟವೇನಲ್ಲ. ದೇಹದಿಂದ ಹೊರತೆಗೆದ ಮಾಂಸದ ಚೂರು ಕ್ಷಣಕ್ಷಣಕ್ಕೂ ಕೆಡುತ್ತ ಹೋಗುತ್ತದೆ. ಆದುದರಿಂದ ಅದನ್ನು ಕೂಡಲೇ ಫಾರ್ಮಲಿನ್ ದ್ರಾವಣಕ್ಕೆ ಹಾಕಬೇಕು. ಈ ದ್ರಾವಣಕ್ಕೆ ಅಂಗಾಂಶವನ್ನು ಇದ್ದ ಹಾಗೆ ಹಿಡಿದು ನಿಲ್ಲಿಸುವ ಗುಣವಿದೆಯೆಂದು ಜರ್ಮನಿಯ ಫೆರ್ಡಿನಾಂಡ್ ಬ್ಲೂಮ್ ಎಂಬವರು 1893ರಲ್ಲಿ ಕಂಡುಕೊಂಡರು. ಅನಂತರ ನೀರಿನ ಅಂಶವನ್ನು ತೆಗೆದು, ಕರಗಿದ ಮೇಣವನ್ನು ಅದರೊಳಗೆ ಇಳಿಸಿ, ತಣಿಸಿ ಬಿಲ್ಲೆ ಮಾಡುತ್ತಾರೆ. ಈ ಬಿಲ್ಲೆಗೇ ಪ್ರಯೋಗಶಾಲೆಯವರು ಬ್ಲಾಕ್ ಎನ್ನುವುದು. ಅದರಿಂದ ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಪಾಲಿನಷ್ಟು ತೆಳ್ಳಗಿನ ಎಸಳುಗಳನ್ನು ಹೆರೆದು ಗಾಜಿನ ಮೇಲೆ ಹಚ್ಚಿ, ನೀಲಿ ಮತ್ತು ನಸುಗೆಂಪು ಬಣ್ಣಗಳನ್ನು ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸರಿಯಾಗಿ ತಯಾರಾದ ಬಿಲ್ಲೆ ವರ್ಷಗಟ್ಟಲೆ ಉಳಿಯುತ್ತದೆ.

ನೂರು ವರ್ಷಗಳಿಗೂ ಮೀರಿದ ಕಾಲದಿಂದ ಕ್ಯಾನ್ಸರಿನ ನಿರ್ಣಯ ನಡೆದುಬಂದಿರುವುದು ಹೀಗೆ, ಪೆಥಾಲಜಿ ವೈದ್ಯರ ಕಣ್ಣಿನ ಬಲದಿಂದ. ನಮ್ಮ ಮುಂಬಯಿಯ ಪರೇಲಿನಲ್ಲಿ 1941ರ ಫೆಬ್ರವರಿ 28ರಂದು ಟಾಟಾ ಸ್ಮಾರಕ ಆಸ್ಪತ್ರೆ ಆರಂಭವಾದಾಗ ಅದರ ಪ್ರಯೋಗಶಾಲೆಗಳ ಹೊಣೆ ಹೊತ್ತ ಡಾ. ವಿ. ಆರ್. ಖಾನೋಳಕರರು ಇಂಥ ಕಣ್ಣಿಗೆ ಹೆಸರಾದವರು. ಭಾರತದ ಪೆಥಾಲಜಿಯ ಪಿತಾಮಹರೆಂಬ ಗೌರವ ಅವರಿಗೆ ಸಂದಿದೆ. ಇಂದಿಗೂ ದೊಡ್ಡ ಕರುಳಿನ ಸಾಮಾನ್ಯ ಕ್ಯಾನ್ಸರನ್ನು ಅನುಭವಿ ವೈದ್ಯರು ಆ ಎರಡು ಬಣ್ಣಗಳ ನೋಟದಲ್ಲಿಯೇ ಗುರುತಿಸಬಲ್ಲರು. ಈ ಮಾತನ್ನು ನಾವು ಬೇಕೆಂದೇ ಹೇಳುತ್ತೇವೆ. ಏಕೆಂದರೆ ಹೊಸ ಪರೀಕ್ಷೆ ಬಂದಿತೆಂದು ಹಳೆಯ ವಿದ್ಯೆ ಹಳಸಲಿಲ್ಲ.

ಆದರೆ ಕಣ್ಣಿಗೆ ಮಿತಿಯಿದೆ. ಮಾಟುಂಗದ ಸ್ಟೇಶನಿನಲ್ಲಿ ಸಂಜೆಯ ಗಾಡಿಗೆ ಕಾಯುತ್ತಿರುವ ನೂರು ಮಂದಿಯಲ್ಲಿ ನಮ್ಮವರು ಯಾರೆಂದು ಮುಖ ನೋಡಿ ಹೇಳಲಾದೀತೇ? ಬಾಯಿ ತೆರೆದರೆ ತಿಳಿಯುತ್ತದೆ. ಒಂದು ವಾಕ್ಯ ಸಾಕು. ಇವರು ಕುಂದಾಪುರದವರು, ಅವರು ಧಾರವಾಡದ ಕಡೆಯವರು, ಈತ ಹವ್ಯಕರ ಮನೆಯವನು ಎಂದು ಹೇಳಿಬಿಡುತ್ತೇವೆ. ಊರು ಬಿಟ್ಟು ಮೂವತ್ತು ವರ್ಷವಾಗಿರಲಿ, ಮರಾಠಿಯನ್ನು ಎಷ್ಟೇ ಸರಾಗವಾಗಿ ಆಡಲಿ, ಹುಟ್ಟಿದ ಊರಿನ ಮಾತು ನಾಲಗೆಯನ್ನು ಬಿಡುವುದಿಲ್ಲ. ದೇಹದ ಜೀವಕೋಶಗಳೂ ಹೆಚ್ಚುಕಡಿಮೆ ಹಾಗೆಯೇ. ಕರುಳಿನಲ್ಲಿ ಹುಟ್ಟಿದ ಕೋಶ ಕೆಟ್ಟು, ರಕ್ತದಲ್ಲಿ ತೇಲಿ, ಯಕೃತ್ತಿನಲ್ಲಿ ಬಿಡಾರ ಹೂಡಿದರೂ ಕರುಳಿನ ಪ್ರೋಟೀನುಗಳನ್ನು ಬಹುಮಟ್ಟಿಗೆ ಇಟ್ಟುಕೊಂಡಿರುತ್ತದೆ. ಯಕೃತ್ತಿನ ಗಡ್ಡೆಯ ಚೂರಿನಲ್ಲಿ ಸಿ.ಕೆ.-20 ಮತ್ತು ಸಿ.ಡಿ.ಎಕ್ಸ್.-2 ಎಂಬವು ಕಂಡು, ಸಿ.ಕೆ.-7 ಎಂಬುದು ಕಾಣದಿದ್ದರೆ, ಇದು ಯಕೃತ್ತಿನದಲ್ಲ, ದೊಡ್ಡ ಕರುಳಿನಿಂದ ವಲಸೆ ಬಂದದ್ದಿರಬಹುದೆಂದು ವೈದ್ಯರು ಆ ಕಡೆಗೆ ಹುಡುಕುತ್ತಾರೆ. ಕೆಲವು ಕೋಶಗಳು ಊರಿನ ಮಾತನ್ನು ಪೂರಾ ಮರೆತಿರುವುದೂ ಉಂಟು. ಆದುದರಿಂದ ಒಂದೇ ಗುರುತನ್ನು ನಂಬದೆ ಎರಡು ಮೂರನ್ನು ಕೂಡಿಸಿ ನೋಡುವುದು ಕ್ರಮ.

ಪ್ರೋಟೀನನ್ನು ಕಾಣುವ ಬಗೆ ಹೇಗೆ? ರೋಗಾಣು ಒಳಹೊಕ್ಕಾಗ ಅದನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯಗಳನ್ನು ನಮ್ಮ ದೇಹವು ತಯಾರಿಸುತ್ತದೆಂಬುದು ವಾಚಕರಿಗೆ ತಿಳಿದ ವಿಷಯ. ಒಂದು ಪ್ರತಿಕಾಯ ತನಗೆ ಹೊಂದಿದ ಒಂದಕ್ಕೇ ಅಂಟುತ್ತದೆ. ಅದಕ್ಕೆ ಹೊಳೆಯುವ ಬಣ್ಣವೊಂದನ್ನು ಕಟ್ಟಿ ಬಿಟ್ಟರೆ ಅದು ಅಂಟಿದ ಸ್ಥಳ ಕಣ್ಣಿಗೆ ಕಾಣಬೇಕಲ್ಲವೇ ಎಂದು ಯೋಚಿಸಿ ಅಮೆರಿಕದ ಹಾರ್ವರ್ಡಿನಲ್ಲಿ ಆಲ್ಬರ್ಟ್ ಕೂನ್ಸರು ಅದನ್ನು ಸಾಧಿಸಿ ಪ್ರಕಟಿಸಿದ್ದು, ಪರೇಲಿನ ಆಸ್ಪತ್ರೆ ಬಾಗಿಲು ತೆರೆದ ಅದೇ 1941ರಲ್ಲಿ. 1975ರಲ್ಲಿ ಕೇಂಬ್ರಿಜಿನಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ಎಂಬವರು ಒಂದೇ ತರದ ಪ್ರತಿಕಾಯವನ್ನು ಬೇಕಾದಷ್ಟು ಉತ್ಪಾದಿಸುವ ವಿಧಾನವನ್ನು ಕಂಡುಹಿಡಿದರು. ಅವರಿಗೆ 1984ರಲ್ಲಿ ನೊಬೆಲ್ ಬಹುಮಾನ ಬಂತು.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ಫಾರ್ಮಲಿನ್ ಅಂಗಾಂಶವನ್ನು ಕಾಪಾಡುವಾಗ ಪ್ರೋಟೀನುಗಳನ್ನು ಒಂದಕ್ಕೊಂದು ಬಿಗಿದುಬಿಡುತ್ತದೆ. ಪ್ರತಿಕಾಯಕ್ಕೆ ಒಳದಾರಿಯೇ ಇಲ್ಲವಾಗುತ್ತದೆ. 1991ರಲ್ಲಿ ಶಾನ್-ರೋಂಗ್ ಶಿ ಮತ್ತು ಸಂಗಡಿಗರು ತೋರಿಸಿದ ಪರಿಹಾರವನ್ನು ಕೇಳಿದರೆ ನಮ್ಮ ಭಟ್ಟರು ನಕ್ಕಾರು: ಗಾಜಿನ ಮೇಲಿನ ಎಸಳನ್ನು ದ್ರಾವಣದಲ್ಲಿ ಚೆನ್ನಾಗಿ ಕುದಿಸುವುದು! ಬಿಗಿದ ಗಂಟು ಸಡಿಲುತ್ತದೆ, ಪ್ರತಿಕಾಯ ಅಂಟುತ್ತದೆ. ಅನೇಕ ಪ್ರಯೋಗಶಾಲೆಗಳಲ್ಲಿ ಇದಕ್ಕಾಗಿ ಇಟ್ಟಿರುವುದು ಬೇಳೆ ಬೇಯಿಸುವ ಪ್ರೆಶರ್ ಕುಕ್ಕರಿನಂಥದನ್ನೇ. ಹುಡುಕುವ ಪ್ರೋಟೀನು ಇದ್ದಲ್ಲಿ ಕಂದು ಬಣ್ಣ ಮೂಡುತ್ತದೆ, ಇಲ್ಲದಲ್ಲಿ ಮೂಡುವುದಿಲ್ಲ. ಐ.ಎಚ್.ಸಿ. ಎಂಬ ಮೂರಕ್ಷರದ ಅರ್ಥವಿಷ್ಟೆ.

ಇನ್ನು ಇದರಿಂದ ರೋಗಿಗೆ ಏನು ಲಾಭವಾಗುತ್ತದೆಂಬುದಕ್ಕೆ ಬರೋಣ. ಆರಂಭದಲ್ಲಿ ಹೇಳಿದ ಅಡಿಗೆಯವರ ಗಡ್ಡೆಯ ಜಾತಿಯ ಹೆಸರು ‘ಜಿಸ್ಟ್’. ಜಠರದ ಮತ್ತು ಕರುಳಿನ ಗೋಡೆಯಲ್ಲಿ ಹುಟ್ಟುವ ಈ ಗಡ್ಡೆಯನ್ನು ಹಿಂದಿನ ಕಾಲದಲ್ಲಿ ಸ್ನಾಯುವಿನ ಗಡ್ಡೆಯೆಂದು ಎಣಿಸಿ, ಸಾಮಾನ್ಯ ಕ್ಯಾನ್ಸರಿನ ಔಷಧಗಳನ್ನು ಕೊಟ್ಟು ಫಲ ಕಾಣದೆ ಕೈಚೆಲ್ಲುತ್ತಿದ್ದರು. 1998ರಲ್ಲಿ ಜಪಾನಿನ ಒಸಾಕಾದ ಹಿರೋತಾ, ಕಿತಾಮುರಾ ಮತ್ತು ಸಂಗಡಿಗರು ಈ ಕೋಶಗಳಲ್ಲಿ ‘ಕಿಟ್’ ಎಂಬ ಪ್ರೋಟೀನು ಕೆಟ್ಟು, ಬೆಳೆಯಿರೆಂಬ ಆಜ್ಞೆಯನ್ನು ಬಿಡುವಿಲ್ಲದೆ ಕೊಡುತ್ತಿದೆಯೆಂದು ತೋರಿಸಿದರು. ಇದಕ್ಕೇ ಸಿ.ಡಿ.-117 ಎಂಬ ಇನ್ನೊಂದು ಹೆಸರು. ಅದೇ ವೇಳೆಗೆ ರಕ್ತದ ಒಂದು ಬಗೆಯ ಕ್ಯಾನ್ಸರಿಗಾಗಿ ತಯಾರಾಗುತ್ತಿದ್ದ ಇಮಾಟಿನಿಬ್ ಎಂಬ ಗುಳಿಗೆ ಈ ಪ್ರೋಟೀನಿನ ಬಾಯಿಯನ್ನೂ ಕಟ್ಟುತ್ತದೆಂದು ತಿಳಿದು, 2000ದಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ರೋಗ ಹರಡಿದ್ದ ಒಬ್ಬ ಮಹಿಳೆಗೆ ಕೊಟ್ಟು ನೋಡಿದರು. ಗಡ್ಡೆಗಳು ಕುಗ್ಗಿದುವು. ಇಂದು ಈ ಜಾತಿಯ ಗಡ್ಡೆಗಳ ನೂರರಲ್ಲಿ ತೊಂಬತ್ತೈದರಷ್ಟರಲ್ಲಿ ಸಿ.ಡಿ.-117ರ ಕಂದು ಬಣ್ಣ ಮೂಡುತ್ತದೆ. ಅದರೊಡನೆ ಡಾಗ್-1 ಎಂಬ ಇನ್ನೊಂದು ಗುರುತನ್ನೂ ನೋಡುತ್ತಾರೆ.

ಗುಳಿಗೆಯ ಬೆಲೆಯ ಪ್ರಶ್ನೆಯೂ ಇದರೊಡನೆ ಹೆಣೆದುಕೊಂಡಿದೆ. ಸ್ವಿಟ್ಜರ್ಲೆಂಡಿನ ನೋವಾರ್ಟಿಸ್ ಕಂಪೆನಿಯ ಗ್ಲಿವೆಕ್ ಎಂಬ ಹೆಸರಿನ ಈ ಔಷಧಕ್ಕೆ ತಿಂಗಳೊಂದಕ್ಕೆ ಸುಮಾರು 1 ಲಕ್ಷ 20 ಸಾವಿರ ರೂಪಾಯಿ ಬೀಳುತ್ತಿದ್ದ ಕಾಲದಲ್ಲಿ, ಭಾರತದ ಕಂಪೆನಿಗಳು ಅದನ್ನೇ ಹತ್ತು ಸಾವಿರಕ್ಕೂ ಕಡಿಮೆಗೆ ಮಾಡಿ ಮಾರುತ್ತಿದ್ದವು. ಕಂಪೆನಿಯ ಪೇಟೆಂಟ್ ಬೇಡಿಕೆಯನ್ನು ನಮ್ಮ ಸುಪ್ರೀಂ ಕೋರ್ಟು 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಆ ತೀರ್ಪಿನ ಫಲವನ್ನು ಇಂದು ಬಡ ರೋಗಿ ಉಣ್ಣುತ್ತಿದ್ದಾನೆ. ಆದರೆ ಗಡ್ಡೆಯ ಜಾತಿಯೇ ತಿಳಿಯದಿದ್ದರೆ ಗುಳಿಗೆ ಅಗ್ಗವಾಗಿದ್ದೂ ಏನು ಬಂತು? ದೇಶದ ಅತ್ಯುನ್ನತ ನ್ಯಾಯಾಲಯ ದೊರಕಿಸಿಕೊಟ್ಟದ್ದನ್ನು ರಿಪೋರ್ಟಿನ ಓದದ ಒಂದು ಸಾಲು ಕಸಿದುಕೊಳ್ಳುತ್ತದೆ.

ಜಠರದ ಸಾಮಾನ್ಯ ಕ್ಯಾನ್ಸರಿನಲ್ಲಿ ‘ಹರ್-2’ ಎಂಬ ಪ್ರೋಟೀನನ್ನು ನೋಡುತ್ತಾರೆ. ಈ ಗುರುತು ಮೊದಲು ಸ್ತನದ ಕ್ಯಾನ್ಸರಿನಲ್ಲಿ ಪ್ರಸಿದ್ಧವಾದದ್ದು. 2010ರಲ್ಲಿ ಪ್ರಕಟವಾದ, 594 ರೋಗಿಗಳ ಮೇಲಿನ ಒಂದು ದೊಡ್ಡ ಅಂತರರಾಷ್ಟ್ರೀಯ ಪ್ರಯೋಗಕ್ಕಾಗಿ ಪರೀಕ್ಷಿಸಿದ ಜಠರ ಕ್ಯಾನ್ಸರುಗಳಲ್ಲಿ ಐದರಲ್ಲೊಂದಕ್ಕಿಂತ ತುಸು ಹೆಚ್ಚಿನವುಗಳಲ್ಲಿ ಇದು ವಿಪರೀತವಾಗಿ ಇತ್ತು. ಅಂಥವರಿಗೆ ಎಂದಿನ ಔಷಧಗಳೊಡನೆ ಟ್ರಾಸ್ಟುಜುಮಾಬ್ ಎಂಬ ಚುಚ್ಚುಮದ್ದನ್ನು ಕೂಡಿಸಿದಾಗ ಬದುಕಿನ ಮಧ್ಯಮ ಅವಧಿ 11.1 ತಿಂಗಳಿಂದ 13.8 ತಿಂಗಳಿಗೆ ಏರಿತು. ಎರಡೂವರೆ ತಿಂಗಳ ಮೇಲಿನ ಈ ಲಾಭವನ್ನು ಪವಾಡವೆಂದು ನಾವು ಬಣ್ಣಿಸಲಾರೆವು; ಆದರೆ ಮಗಳ ಮದುವೆಯ ಮುಹೂರ್ತ ನಿಶ್ಚಯವಾಗಿರುವ ಮನೆಯಲ್ಲಿ ಎರಡೂವರೆ ತಿಂಗಳು ಎಂದರೇನೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ. ಈ ಔಷಧದ ಭಾರತೀಯ ರೂಪವನ್ನು ಮೊದಲು ತಯಾರಿಸಿದವರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಒಂದು. 2013ರ ಕೊನೆಯಲ್ಲಿ ಅದಕ್ಕೆ ಅನುಮತಿ ದೊರೆಯಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಜಠರದ ಗಡ್ಡೆಯಲ್ಲಿ ಹರ್-2 ಎಲ್ಲ ಕಡೆ ಸಮನಾಗಿ ಹರಡಿರುವುದಿಲ್ಲ, ಅಲ್ಲಲ್ಲಿ ಗುಂಪುಗುಂಪಾಗಿ ಇರುತ್ತದೆ. ಎಂಡೋಸ್ಕೋಪಿಯಲ್ಲಿ ಒಂದೆರಡು ಚೂರು ಮಾತ್ರ ಕಿತ್ತರೆ ಇದ್ದದ್ದೂ ಇಲ್ಲವೆಂದು ಬರಬಹುದು. ಆರೆಂಟು ಚೂರು ತೆಗೆಯುವುದು ಒಳ್ಳೆಯ ಪದ್ಧತಿ.

ದೊಡ್ಡ ಕರುಳಿನ ವಿಷಯದಲ್ಲಿ ನೋಡುವ ನಾಲ್ಕು ಪ್ರೋಟೀನುಗಳ ಕತೆ ಬೇರೆ. ಎಂ.ಎಲ್.ಎಚ್.-1, ಪಿ.ಎಂ.ಎಸ್.-2, ಎಂ.ಎಸ್.ಎಚ್.-2, ಎಂ.ಎಸ್.ಎಚ್.-6 ಎಂಬ ಈ ನಾಲ್ವರು ಎರಡೆರಡು ಜೊತೆಯಾಗಿ ದುಡಿಯುವ ತಪ್ಪು ತಿದ್ದುವ ಗುಮಾಸ್ತರು. ಕೋಶ ಎರಡಾಗುವಾಗ ಜೀವದ ಬರಹವನ್ನು ನಕಲು ಮಾಡಬೇಕಷ್ಟೆ. ನಕಲಿನಲ್ಲಿ ಬಿದ್ದ ತಪ್ಪುಗಳನ್ನು ಇವರು ತಿದ್ದುತ್ತಾರೆ. ಇಲ್ಲಿ ಕಂದು ಬಣ್ಣ ಮೂಡುವುದು ಸಹಜ, ಮೂಡದಿರುವುದೇ ಸೂಚನೆ. ದೊಡ್ಡ ಕರುಳಿನ ಕ್ಯಾನ್ಸರುಗಳ ನೂರರಲ್ಲಿ ಸುಮಾರು ಹದಿನೈದರಲ್ಲಿ ಇವರಲ್ಲಿ ಯಾರಾದರೂ ಗೈರುಹಾಜರಾಗಿರುತ್ತಾರೆ.

ಗೈರುಹಾಜರಿಯಿಂದ ಎರಡು ಪರಿಣಾಮಗಳುಂಟು. ತಪ್ಪುಗಳು ರಾಶಿಬಿದ್ದ ಕೋಶವನ್ನು ದೇಹದ ರಕ್ಷಣಾಪಡೆ ಪರಕೀಯವೆಂದು ಬೇಗ ಗುರುತಿಸಬಲ್ಲದು. ಆದುದರಿಂದ ಆ ಪಡೆಯನ್ನು ಹುರಿದುಂಬಿಸುವ ಹೊಸ ಔಷಧಗಳು ಇಂಥ ಗಡ್ಡೆಗಳಲ್ಲಿ ಆಶ್ಚರ್ಯಕರ ಫಲ ಕೊಟ್ಟಿವೆ. 2022ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರು ಗುದನಾಳದ ಇಂಥ ಕ್ಯಾನ್ಸರಿನ 12 ರೋಗಿಗಳಿಗೆ ಆರು ತಿಂಗಳು ಡಾಸ್ಟರ್ಲಿಮಾಬ್ ಎಂಬ ಔಷಧ ಕೊಟ್ಟಾಗ ಹನ್ನೆರಡು ಮಂದಿಯಲ್ಲಿಯೂ ಗಡ್ಡೆ ಕಾಣದೆ ಹೋಯಿತು, ಶಸ್ತ್ರಕ್ರಿಯೆಯೇ ಬೇಕಾಗಲಿಲ್ಲ. ಈ ಔಷಧಗಳ ಬೆಲೆ ಲಕ್ಷಗಳಲ್ಲಿದ್ದು ನಮ್ಮ ಜನರ ಕೈಗೆ ಎಟಕುವಂಥದಲ್ಲವೆಂಬುದನ್ನು ನಾವು ಮರೆಮಾಚುವುದಿಲ್ಲ. ಎರಡನೆಯ ಪರಿಣಾಮಕ್ಕೆ ಮಾತ್ರ ಹಣಕ್ಕಿಂತ ತಿಳಿವಳಿಕೆ ಬೇಕು. ಈ ನಾಲ್ವರ ಗೈರುಹಾಜರಿ ಕೆಲವರಲ್ಲಿ ತಂದೆತಾಯಿಯರಿಂದ ಬಂದ ಕೊರತೆಯಾಗಿರುತ್ತದೆ. 1895ರಲ್ಲಿ ಅಮೆರಿಕದ ಮಿಶಿಗನ್ನಿನ ಆಲ್ಡ್ರೆಡ್ ವಾರ್ಥಿನ್ ಎಂಬ ಪೆಥಾಲಜಿ ವೈದ್ಯರಿಗೆ ಬಟ್ಟೆ ಹೊಲಿದು ಜೀವಿಸುತ್ತಿದ್ದ ಒಬ್ಬ ಹೆಂಗಸು, ತನ್ನ ಮನೆತನದಲ್ಲಿ ಎಲ್ಲರೂ ಹೊಟ್ಟೆಯೊಳಗಿನ ಕ್ಯಾನ್ಸರಿನಿಂದಲೇ ಸಾಯುತ್ತಾರೆ, ತಾನೂ ಹಾಗೆಯೇ ಸಾಯುವೆನೆಂದು ಹೇಳಿದಳು. ಆಕೆಯ ಮಾತು ನಿಜವಾಯಿತು. ವಾರ್ಥಿನ್ ಆ ಮನೆತನದ ವಂಶಾವಳಿಯನ್ನು 1913ರಲ್ಲಿ ಪ್ರಕಟಿಸಿದರು; 1966ರಲ್ಲಿ ಹೆನ್ರಿ ಲಿಂಚ್ ಇಂಥ ಬೇರೆ ಮನೆತನಗಳನ್ನು ವರ್ಣಿಸಿದರು. ಇಂದು ಆ ವಂಶದೋಷಕ್ಕೆ ಲಿಂಚರದೇ ಹೆಸರು. ಹೊಲಿಗೆಯ ಹೆಂಗಸು ಕಣ್ಣಾರೆ ಕಂಡು ಹೇಳಿದ್ದನ್ನು ಶಾಸ್ತ್ರವು ಪ್ರೋಟೀನಿನವರೆಗೆ ಬೆನ್ನಟ್ಟಿ ಹಿಡಿಯಲು ತೊಂಬತ್ತೆಂಟು ವರ್ಷ ಬೇಕಾಯಿತು. ಈ ನಾಲ್ಕರಲ್ಲಿ ಮೊದಲನೆಯದರ ಜೀನು ಪತ್ತೆಯಾದದ್ದು 1993ರಲ್ಲಿ. ಬಿಲ್ಲೆಯಲ್ಲಿ ಈ ಕೊರತೆ ಕಂಡು, ಅದು ವಂಶದಿಂದಲೇ ಬಂದದ್ದೆಂದು ಮುಂದಿನ ಪರೀಕ್ಷೆಯಲ್ಲಿ ಖಚಿತವಾದರೆ, ಊರಿನಲ್ಲಿರುವ ತಮ್ಮ, ತಂಗಿ, ಮಕ್ಕಳು ಇಪ್ಪತ್ತು ಇಪ್ಪತ್ತೈದರ ವಯಸ್ಸಿನಿಂದಲೇ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಮಾಡಿಸಿಕೊಂಡು ಗಡ್ಡೆಯನ್ನು ಮೊಳಕೆಯಲ್ಲಿಯೇ ಚಿವುಟಬಹುದು. ಮುಂಬಯಿಯ ಒಬ್ಬ ಮಾಣಿಯ ಬಿಲ್ಲೆ ಶಿರಸಿಯ ಒಂದು ಮನೆಯನ್ನು ಕಾಯಬಲ್ಲದು.

ಮಿಕ್ಕವನ್ನು ಸಂಕ್ಷೇಪಿಸುತ್ತೇವೆ. ಜಠರದಲ್ಲಿ ಕ್ಯಾನ್ಸರಿನಂತೆ ಕಂಡದ್ದು ಕೆಲವೊಮ್ಮೆ ಲಿಂಫೋಮಾ ಆಗಿರುತ್ತದೆ, ಸಿ.ಡಿ.-20 ಮೊದಲಾದ ಗುರುತುಗಳಿಂದ ಅದು ತಿಳಿಯುತ್ತದೆ. ಅದರಲ್ಲಿ ಒಂದು ಬಗೆ, ಜಠರದಲ್ಲಿ ಬೀಡುಬಿಡುವ ಹೆಲಿಕೋಬ್ಯಾಕ್ಟರ್ ಎಂಬ ರೋಗಾಣುವನ್ನು ಎರಡು ವಾರದ ಆಂಟಿಬಯಾಟಿಕ್ ಗುಳಿಗೆಗಳಿಂದ ನಾಶಪಡಿಸಿದರೆ ಬಹುಮಂದಿಯಲ್ಲಿ ತಾನಾಗಿ ಕರಗುತ್ತದೆ. ಹೊಟ್ಟೆ ಕೊಯ್ಯಿಸಿಕೊಳ್ಳುವುದಕ್ಕೂ ಗುಳಿಗೆ ನುಂಗುವುದಕ್ಕೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ. ಹಾರ್ಮೋನು ಸ್ರವಿಸುವ ಕೋಶಗಳ ಗಡ್ಡೆಗಳಲ್ಲಿ ಕೆ.ಐ.-67 ಎಂಬ ಗುರುತಿನಿಂದ ಬೆಳವಣಿಗೆಯ ವೇಗವನ್ನು ಎಣಿಸುತ್ತಾರೆ. ನೂರು ಕೋಶಗಳಲ್ಲಿ ಮೂರಕ್ಕಿಂತ ಕಡಿಮೆಯಿದ್ದರೆ ಮಂದಗತಿ, ಇಪ್ಪತ್ತನ್ನು ಮೀರಿದರೆ ತೀವ್ರಗತಿ.

ಈಗ ನಮ್ಮ ದೂರುಗಳನ್ನು ಹೇಳಬೇಕಾಗಿದೆ. ನಗರಗಳ ಗೋಡೆಗೋಡೆಯ ಮೇಲೆ ‘ಸಂಪೂರ್ಣ ದೇಹತಪಾಸಣೆ’ಯ ಜಾಹೀರಾತುಗಳು. ಅವುಗಳಲ್ಲಿ ರಕ್ತದ ‘ಕ್ಯಾನ್ಸರ್ ಮಾರ್ಕರ್’ಗಳೂ ಸೇರಿರುತ್ತವೆ. ಅವುಗಳಲ್ಲಿ ಮುಖ್ಯವಾದ ಸಿ.ಇ.ಎ. ಎಂಬುದನ್ನು 1965ರಲ್ಲಿ ಮಾಂಟ್ರಿಯಾಲಿನ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್ಮನ್ ಎಂಬವರು ಕರುಳಿನ ಕ್ಯಾನ್ಸರಿನ ಅಂಗಾಂಶದಲ್ಲಿ ಕಂಡುಹಿಡಿದರು. ಕ್ಯಾನ್ಸರು ಸಿದ್ಧಪಟ್ಟವರಲ್ಲಿ ಚಿಕಿತ್ಸೆಯ ನಂತರ ರೋಗ ಮರುಕಳಿಸುತ್ತಿದೆಯೇ ಎಂದು ಕಾಯಲು ಅದು ಉಪಯುಕ್ತ. ಆರೋಗ್ಯವಂತನಲ್ಲಿ ಕ್ಯಾನ್ಸರನ್ನು ಹುಡುಕಲು ಅದು ತಕ್ಕುದಲ್ಲ. ಬೀಡಿ ಸಿಗರೇಟು ಸೇದುವವರಲ್ಲಿ ರೋಗವಿಲ್ಲದೆಯೂ ಅದು ಏರುತ್ತದೆ, ಆರಂಭದ ಕ್ಯಾನ್ಸರಿನಲ್ಲಿ ಎಷ್ಟೋ ಸಲ ಏರುವುದೇ ಇಲ್ಲ. ಹಬ್ಬದ ಬೋನಸ್ಸಿನಲ್ಲಿ ಇದನ್ನು ಮಾಡಿಸಿಕೊಂಡು, ಅಂಕೆ ಕಡಿಮೆ ಬಂದಿತೆಂದು ಮಲದಲ್ಲಿ ಬೀಳುವ ರಕ್ತವನ್ನು ಮೂಲವ್ಯಾಧಿಯೆಂದು ಅಲಕ್ಷಿಸಿದವರನ್ನು ನಾವು ಬಲ್ಲೆವು. ಆ ಹಣವನ್ನು ಎಂಡೋಸ್ಕೋಪಿಗೆ, ಬಯಾಪ್ಸಿಗೆ ಇಡುವುದು ಮೇಲು.

ಎರಡನೆಯದಾಗಿ, ಚೂರನ್ನು ನಡೆಸಿಕೊಳ್ಳುವ ರೀತಿ. ಚಿಕ್ಕ ಆಸ್ಪತ್ರೆಗಳಲ್ಲಿ ಬಯಾಪ್ಸಿಯ ಶೀಶೆಯನ್ನು ಸಂಬಂಧಿಕರ ಕೈಗೇ ಕೊಟ್ಟು ಪ್ರಯೋಗಶಾಲೆಗೆ ಕಳಿಸುವುದುಂಟು. ಶೀಶೆಯಲ್ಲಿರುವುದು ಫಾರ್ಮಲಿನ್ನೋ ಬರಿಯ ಉಪ್ಪುನೀರೋ ಎಂದು ಕೇಳಲು ಸಂಕೋಚಪಡಬಾರದು. ಉಪ್ಪುನೀರಿನಲ್ಲಿ ರಾತ್ರಿ ಕಳೆದ ಚೂರು ಕೊಳೆತುಹೋಗುತ್ತದೆ. ಅದರ ಪ್ರೋಟೀನುಗಳು ಏನನ್ನೂ ಹೇಳಲಾರವು. ಮೀನಿಗೆ ಫಾರ್ಮಲಿನ್ ಹಾಕುತ್ತಾರೆಂದು 2018ರಲ್ಲಿ ಕೇರಳ, ಗೋವೆಗಳಲ್ಲಿ ದೊಡ್ಡ ಗುಲ್ಲೆದ್ದಿತ್ತು. ಮೀನಿಗೆ ಹಾಕುವುದು ಅಪರಾಧ. ಇಲ್ಲಿ ಹಾಕದಿರುವುದು ಅಪರಾಧ. ಶೀಶೆಯನ್ನು ಅದೇ ದಿನ ತಲಪಿಸಿ ರಶೀದಿ ಪಡೆಯಬೇಕು.

ಮೂರನೆಯದು ಹಣದ ವಿಚಾರ. ಒಂದೊಂದು ಪ್ರತಿಕಾಯಕ್ಕೂ ಪ್ರತ್ಯೇಕ ಶುಲ್ಕವಿರುವುದರಿಂದ ನಾಲ್ಕೈದಾದರೆ ಸಾವಿರಗಳು ಆಗುತ್ತವೆ. ಕೆಲವು ಖಾಸಗಿ ಪ್ರಯೋಗಶಾಲೆಗಳು ಅಗತ್ಯವಿದ್ದರೂ ಇಲ್ಲದಿದ್ದರೂ ಹದಿನೈದರ ಪಟ್ಟಿ ಹಿಡಿದು ನಿಲ್ಲುತ್ತವೆಂಬುದೂ ಸುಳ್ಳಲ್ಲ. ಎಲ್ಲರಿಗೂ ಎಲ್ಲ ಪರೀಕ್ಷೆ ಬೇಕೆಂದು ನಮ್ಮ ವಾದವಲ್ಲ. ಚಿಕಿತ್ಸೆಯನ್ನು ಬದಲಿಸಬಲ್ಲ ಪರೀಕ್ಷೆ ತಪ್ಪಬಾರದು ಎಂಬುದೇ ನಮ್ಮ ವಾದ. 2018ರ ಸೆಪ್ಟೆಂಬರಿನಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಆಸ್ಪತ್ರೆ ವೆಚ್ಚವನ್ನು ಭರಿಸುವುದೆಂದೂ, ಕಾರ್ಡು ಬೇರೆ ರಾಜ್ಯದಲ್ಲಿಯೂ ಸಲ್ಲುವುದೆಂದೂ ಹೇಳುತ್ತದೆ. ಆದರೆ ಆಸ್ಪತ್ರೆಗೆ ದಾಖಲಾಗುವ ಮುಂಚಿನ ಪರೀಕ್ಷೆಗಳಲ್ಲಿ ಮೂರು ದಿನಗಳವು ಮಾತ್ರ ಅದರಲ್ಲಿ ಸೇರುತ್ತವೆ. ಐ.ಎಚ್.ಸಿ.ಯ ಫಲ ಬರಲು ಅನೇಕ ವೇಳೆ ಅದಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ. ಅದು ನಡೆಯುವುದೂ ಬಹುತೇಕ ಹೊರರೋಗಿಯಾಗಿರುವಾಗಲೇ. ದುಬಾರಿ ಔಷಧಕ್ಕೆ ಹಣ ಕೊಡುವ ಸರಕಾರವು ಆ ಔಷಧ ಯಾರಿಗೆ ಸಲ್ಲುತ್ತದೆಂದು ತಿಳಿಸುವ ಪರೀಕ್ಷೆಗೆ ಕೈ ಬಿಗಿಹಿಡಿಯುವುದು ಯಾವ ಮಿತವ್ಯಯವೋ ನಮಗೆ ತಿಳಿಯದು. ಕ್ಯಾನ್ಸರಿನ ಬಯಾಪ್ಸಿ ಮತ್ತು ಅದಕ್ಕೆ ಸೇರಿದ ಪ್ರೋಟೀನು ಪರೀಕ್ಷೆಗಳನ್ನು ದಿನಗಳ ಲೆಕ್ಕವಿಲ್ಲದೆ ಯೋಜನೆಯೊಳಗೆ ತರಬೇಕೆಂಬುದು ನಮ್ಮ ಒತ್ತಾಯ. ಹೋಟೆಲು ಮಾಲಕರಲ್ಲಿಯೂ ಒಂದು ಮಾತು: ಕೆಲಸಗಾರರ ಹೆಸರನ್ನು ಇ.ಎಸ್.ಐ. ಪುಸ್ತಕದಲ್ಲಿ ಸೇರಿಸದೆ ಉಳಿಸುವ ಹಣ ಎಷ್ಟು, ಆ ಕೆಲಸಗಾರನಿಗೆ ಕಾಯಿಲೆಯಾದಾಗ ಚಂದಾ ಎತ್ತುವ ಹಣ ಎಷ್ಟು ಎಂದು ಒಮ್ಮೆ ಕೂಡಿಸಿ ನೋಡಲಿ.

ನಮ್ಮ ಸಂಘಗಳು ಒಂದು ಕಾಲದಲ್ಲಿ ಇದೇ ಹೋಟೆಲು ಹುಡುಗರಿಗಾಗಿ ರಾತ್ರಿ ಶಾಲೆಗಳನ್ನು ನಡೆಸಿದುವು. ಈಗ ಅವು ಪರೇಲಿನ ಆಸ್ಪತ್ರೆಗಳ ಹತ್ತಿರ ವಾರಕ್ಕೆರಡು ದಿನ ಒಬ್ಬ ಇಂಗ್ಲಿಷು ಬಲ್ಲ ಗುಮಾಸ್ತರನ್ನು ಕೂರಿಸಲಿ. ರಿಪೋರ್ಟಿನ ಕೊನೆಯ ಸಾಲನ್ನು ಕನ್ನಡದಲ್ಲಿಯೋ ತುಳುವಿನಲ್ಲಿಯೋ ಓದಿ ಹೇಳುವುದು, ಬಿಲ್ಲೆಯನ್ನು ತರಿಸಲು ಅರ್ಜಿ ಬರೆದುಕೊಡುವುದು, ಕೈಯಲ್ಲಿಲ್ಲದವರಿಗೆ ಪರೀಕ್ಷೆಯ ಶುಲ್ಕಕ್ಕೆ ನೆರವಾಗುವುದು, ಇಷ್ಟೇ ಆತನ ಕೆಲಸ. ವಾರ್ಷಿಕೋತ್ಸವದ ಶಾಲು ಹಾರಗಳ ಬಾಬಿನಲ್ಲಿ ಸ್ವಲ್ಪ ಕಡಿತ ಮಾಡಿದರೆ ಇದಕ್ಕೆ ಬೇರೆ ನಿಧಿ ಬೇಕಾಗಲಾರದು. ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಸಂಘಗಳಿಗೂ ಈ ಸೂಚನೆ ಅನ್ವಯಿಸುತ್ತದೆ.

ಅರ್ಜಿಯಲ್ಲಿ ಹೆಚ್ಚಿಗೆ ಬರೆಯಬೇಕಾದ್ದಿಲ್ಲ. ರೋಗಿಯ ಹೆಸರು, ಶಸ್ತ್ರಕ್ರಿಯೆಯ ತಾರೀಖು, ರಿಪೋರ್ಟಿನ ತಲೆಯಲ್ಲಿರುವ ಬಯಾಪ್ಸಿ ನಂಬರು, ಮುಂದಿನ ಚಿಕಿತ್ಸೆಗಾಗಿ ಬ್ಲಾಕ್ ಮತ್ತು ಗಾಜಿನ ಸ್ಲೈಡುಗಳು ಬೇಕೆಂಬ ಒಂದು ವಾಕ್ಯ, ರುಜು. ರೋಗಿಯ ದಾಖಲೆಗಳನ್ನು ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯರ ನಡತೆಯ 2002ರ ನಿಯಮಾವಳಿಯಲ್ಲಿಯೇ ಇದೆ. ದಾಖಲೆಗಳೊಡನೆ ಬಿಲ್ಲೆಯನ್ನೂ ವಿನಯದಿಂದ, ಆದರೆ ಬಿಡದೆ ಕೇಳಬೇಕು. ಇರುವುದು ಒಂದೇ ಬಿಲ್ಲೆಯಾದರೆ, ಬಣ್ಣ ಹಾಕದ ಕೆಲವು ಎಸಳುಗಳನ್ನು ಹೆರೆದು ಕೊಡುವುದೂ ಉಂಟು. ಇನ್ನೊಂದು ಆಸ್ಪತ್ರೆಗೆ ಕೊಟ್ಟಾಗ ರಶೀದಿ ಪಡೆದು, ಕೆಲಸ ಮುಗಿದ ಮೇಲೆ ಹಿಂದಕ್ಕೆ ಕೇಳಿ ತೆಗೆದುಕೊಳ್ಳಬೇಕು. ಮನೆಯಲ್ಲಿ ಇಡಬೇಕಾಗಿ ಬಂದರೆ ರಿಪೋರ್ಟಿನ ನಕಲಿನೊಡನೆ ಗಟ್ಟಿ ಡಬ್ಬಿಯಲ್ಲಿಡಿ. ಹೋಟೆಲಿನ ಅಟ್ಟದ ಮೇಲೆಯೇ ಮಲಗುವ ನಮ್ಮ ಬಂಧುಗಳು ಒಂದನ್ನು ನೆನಪಿಡಲಿ: ಅದು ಮೇಣ, ಭಟ್ಟಿಯ ಮೇಲ್ಗಡೆಯ ಗೂಡಿನಲ್ಲಿ ಅದನ್ನು ಇಡತಕ್ಕದ್ದಲ್ಲ.